ಚಾರ್ಟ್ ಇದ್ದರೂ ಎಕ್ಸೆಲ್‌ಗೆ ಯಾಕೆ ಇಳಿಸ್ತೀರಾ?

"ಮೊಬೈಲ್‌ನಲ್ಲೇ ಷೇರಿನ ಚಾರ್ಟ್ ಕಾಣುತ್ತಲ್ಲ, ದರಗಳನ್ನ ಎಕ್ಸೆಲ್‌ಗೆ ಯಾಕೆ ಇಳಿಸ್ತೀರಾ? ಹೇಗೆ ಇಳಿಸ್ತೀರಾ?" ತುಮಕೂರಿನಲ್ಲಿ ಷೇರಿನ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ನನ್ನನ್ನು ಹೀಗೆ ಕೇಳುತ್ತಾರೆ.

ನಾನು ತಿಪಟೂರು ಕಡೆಯವನು. ಪ್ರತಿ ಹರಾಜಿನ ದಿನ ಕೊಬ್ಬರಿ ಕ್ವಿಂಟಲ್‌ಗೆ ಎಷ್ಟಕ್ಕೆ ಹೋಯಿತು ಎಂದು ಅಪ್ಪ ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದರು. ದರ ಏರಿದೆ ಅಂತ ಯಾರಾದರೂ ಹೇಳಿದರೆ ಸುಮ್ನೆ ನಂಬುತ್ತಿರಲಿಲ್ಲ, ಹಿಂದಿನ ಹಾಳೆ ತಿರುವುತ್ತಿದ್ದರು. ಷೇರಿಗೂ ನನಗೆ ಅಂಥದ್ದೇ ನೋಟ್‌ಬುಕ್ ಬೇಕು. ಚಾರ್ಟಿನ ಗೆರೆಯಲ್ಲಿ ಏರಿಳಿತ ಕಾಣುತ್ತದೆ, ನಿಜ. ಆದರೆ ಐದು ವರ್ಷದಲ್ಲಿ ಎಷ್ಟು ದಿನ ಶೇ 3ಕ್ಕಿಂತ ಜಾಸ್ತಿ ಬಿತ್ತು ಎಂದು ಎಣಿಸಲು ಅಂಕಿಯೇ ಬೇಕು, ಅಲ್ವಾ?

ಇಳಿಸುವುದು ಸುಲಭ. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಎನ್‌ಎಸ್‌ಇಯ ವೆಬ್‌ಸೈಟಿನಲ್ಲಿ ಕಂಪನಿ ಹುಡುಕಿ, ಹಳೆಯ ದರಗಳ ಪುಟದಲ್ಲಿ ತಾರೀಕು ಕೊಟ್ಟರೆ ಎಕ್ಸೆಲ್‌ನಲ್ಲಿ ತೆರೆಯಬಹುದಾದ ಸಿಎಸ್‌ವಿ ಫೈಲ್ ಸಿಗುತ್ತದೆ. ದುಡ್ಡು ಕೊಡಬೇಕಿಲ್ಲ. ಗೂಗಲ್ ಶೀಟ್‌ನಲ್ಲಾದರೆ ಗೂಗಲ್‌ಫೈನಾನ್ಸ್ ಎಂಬ ಫಾರ್ಮುಲಾ ಸಾಕು. ಅದು ತಾರೀಕಿನ ಜೊತೆ ಮಾರುಕಟ್ಟೆ ಮುಗಿಯುವ ಹೊತ್ತು, 3.30 ಅನ್ನೂ ಸೇರಿಸುತ್ತದೆ. ಹಾಗಾಗಿ ತಾರೀಕು ಹುಡುಕಿ ಆ ದಿನದ ಬೆಲೆ ತರಲು ವಿಲುಕಪ್ ಫಾರ್ಮುಲಾ ಹಾಕಿದರೆ ತಾರೀಕು ಹೊಂದುವುದಿಲ್ಲ. ಇಂಟ್ ಫಂಕ್ಷನ್ ಹಾಕಿ ಹೊತ್ತನ್ನು ತೆಗೆಯಿರಿ.

ಕಷ್ಟ ಇರುವುದು ಆಮೇಲೆ. ಒಮ್ಮೆ ಎನ್‌ಎಸ್‌ಇ ಫೈಲ್ ನೋಡಿ ಭಾವ ಗಾಬರಿಯಿಂದ ಫೋನ್ ಮಾಡಿದರು. "ಇನ್ಫೋಸಿಸ್ 2018ರ ಸೆಪ್ಟೆಂಬರ್‌ನಲ್ಲಿ ಒಂದೇ ದಿನ ಅರ್ಧಕ್ಕೆ ಬಿದ್ದಿದೆಯಲ್ಲೋ! ಚಾರ್ಟ್‌ನಲ್ಲಿ ಮಾತ್ರ ಏನೂ ಕಾಣ್ತಿಲ್ಲ."

ಬಿದ್ದಿರಲಿಲ್ಲ ಭಾವ, ಅಂದೆ. ಆಗ ಕಂಪನಿ ಒಂದು ಷೇರಿಗೆ ಒಂದು ಬೋನಸ್ ಷೇರು, ಅಂದರೆ ಪುಕ್ಕಟೆ ಷೇರು ಕೊಟ್ಟಿತ್ತು. ಷೇರು ಎರಡಾಯಿತು, ಬೆಲೆ ಅರ್ಧವಾಯಿತು, ಕೈಯಲ್ಲಿದ್ದ ಮೊತ್ತ ಅಷ್ಟೇ. ಚಾರ್ಟ್ ಹಿಂದಿನ ಬೆಲೆಗಳನ್ನೂ ಸರಿಹೊಂದಿಸಿ ತೋರಿಸುತ್ತದೆ. ಎನ್‌ಎಸ್‌ಇ ಫೈಲಿನಲ್ಲಿ ಇರುವುದು ಆಯಾ ದಿನದ ಬೆಲೆ. ಆ ದಿನಕ್ಕಿಂತ ಹಿಂದಿನ ಬೆಲೆಗಳನ್ನೆಲ್ಲ ಎರಡರಿಂದ ಭಾಗಿಸಬೇಕು, ವಹಿವಾಟಾದ ಷೇರುಗಳ ಸಂಖ್ಯೆಯನ್ನು ಎರಡರಿಂದ ಗುಣಿಸಬೇಕು. ಇದೇ ಕಂಪನಿ 2014ರ ಡಿಸೆಂಬರ್‌ನಲ್ಲಿ, 2015ರ ಜೂನ್‌ನಲ್ಲಿ ಕೂಡ ಒಂದಕ್ಕೊಂದು ಬೋನಸ್ ಕೊಟ್ಟಿದೆ. ಹಾಗಾಗಿ 2014ರ ನವೆಂಬರ್ ಬೆಲೆಯನ್ನು ಈ ಮೂರಕ್ಕೂ ಸೇರಿಸಿ ಎಂಟರಿಂದ (2×2×2) ಭಾಗಿಸಬೇಕು! ಇದನ್ನು ಬಿಟ್ಟು ಸರಾಸರಿ ತೆಗೆದರೆ ಲೆಕ್ಕವೆಲ್ಲ ತಲೆಕೆಳಗು.

ಅದಕ್ಕೇ ನಾನು ಮೊದಲು ಹಳೆಯ ತಾರೀಕು ಮೇಲೆ ಬರುವಂತೆ ಜೋಡಿಸಿ, ದಿನದ ಬದಲಾವಣೆಯ ಕಾಲಂ ಮಾಡುತ್ತೇನೆ. ಶೇ 20ಕ್ಕಿಂತ ಜಾಸ್ತಿ ಇಳಿದ ದಿನ ಕಂಡರೆ ಅಲ್ಲೇ ನಿಲ್ಲುತ್ತೇನೆ. ಎನ್‌ಎಸ್‌ಇಯ ಕಾರ್ಪೊರೇಟ್ ಆಕ್ಷನ್ಸ್ ಪುಟದಲ್ಲಿ ಬೋನಸ್, ಸ್ಪ್ಲಿಟ್ (ಒಂದು ಷೇರನ್ನು ಹಲವಾಗಿ ಒಡೆಯುವುದು) ಏನಾದರೂ ಇತ್ತಾ ನೋಡುತ್ತೇನೆ. ಭಾವ ಈಗ ಪ್ರತಿ ಶೀಟಿನಲ್ಲೂ ಬೋನಸ್, ಸ್ಪ್ಲಿಟ್‌ಗೆಂದೇ ಒಂದು ಕಾಲಂ ಇಟ್ಟಿದ್ದಾರೆ.