ನರಿಯೊಂದೇ ಸಿಕ್ಕಿದ ದಿನ

ಸೆಪ್ಟೆಂಬರ್ 3, 2025, ಬುಧವಾರ
ವಿರಾಜಪೇಟೆ

ಇಂದು ಕೈಲ್‌ಪೊಳ್ದ್, ಕೊಡವರ ಆಯುಧ ಪೂಜೆಯ ಹಬ್ಬ. ಬೆಳಿಗ್ಗೆಯೇ ಮನೆ ಯಜಮಾನರ ನಡುಮನೆಯಲ್ಲಿ ಕೋವಿ, ಕತ್ತಿಗಳನ್ನು ಒರೆಸಿಟ್ಟು, ತೋಕ್ ಪೂ ಎಂಬ ಕೋವಿ ಹೂ ಸಿಕ್ಕಿಸಿ ಪೂಜೆ ಮಾಡಿದ್ದರು. ಮಧ್ಯಾಹ್ನ ಅವರೇ ಹಿತ್ತಿಲ ಕಡೆಯ ನನ್ನ ಕೋಣೆಗೆ ಕ್ಯಾರಿಯರ್ ಹಿಡಿದು ಬಂದರು: ಅಕ್ಕಿಯ ಉಂಡೆ ಕಡಂಬುಟ್ಟು, ಹಂದಿ ಮಾಂಸದ ಪಂದಿ ಕರಿ. ಕ್ಯಾರಿಯರ್ ಇಟ್ಟವರು ಹೊರಡಲಿಲ್ಲ, ಗೋಡೆಯ ಮೇಲಿನ ಚಿತ್ರದ ಮುಂದೆ ನಿಂತುಬಿಟ್ಟರು.

ಅದು ಫ್ಲಾಂಡರ್ಸ್‌ನ ಚಿತ್ರಕಾರ ಬ್ರೂಗೆಲ್‌ನ ‘ಹಿಮದಲ್ಲಿ ಬೇಟೆಗಾರರು’. 1565ರಲ್ಲಿ ಮರದ ಹಲಗೆಯ ಮೇಲೆ ಬರೆದದ್ದು, ಮೂಲ ವಿಯೆನ್ನಾದಲ್ಲಿದೆ. ಆಂಟ್‌ವರ್ಪ್‌ನ ಒಬ್ಬ ಸಿರಿವಂತನ ಮನೆಗೆಂದು ವರ್ಷದ ಋತುಮಾನಗಳನ್ನು ಬರೆದ ಸಾಲಿನಲ್ಲಿ ಈಗ ಉಳಿದಿರುವ ಐದರಲ್ಲಿ ಇದೂ ಒಂದು. ಚಿತ್ರಕಲಾ ಮೇಷ್ಟ್ರಾದ ನಾನು ಮಕ್ಕಳಿಗೆ ಇದನ್ನು ತೋರಿಸುವಾಗಲೆಲ್ಲ ಬಿಳುಪು, ಹಸಿರುಗಪ್ಪು, ಮರಗಳು ಇಳಿಜಾರಿನಲ್ಲಿ ಕಣ್ಣನ್ನು ಕೆಳಗೆ ಕರೆದೊಯ್ಯುವ ರೀತಿ ಎಂದೆಲ್ಲ ಕೊರೆಯುತ್ತೇನೆ.

ಯಜಮಾನರು ಕನ್ನಡಕ ಹಾಕಿಕೊಂಡು ಮೊದಲು ನೋಡಿದ್ದು ನಾಯಿಗಳನ್ನು. “ಇವಕ್ಕೆ ಏನೂ ಸಿಕ್ಕಿಲ್ಲ ಮೇಷ್ಟ್ರೇ. ತಲೆ ನೋಡಿ, ಬಾಲ ನೋಡಿ. ಸಿಕ್ಕಿದ ದಿನ ನಾಯಿ ಹೀಗೆ ನಡೆಯುವುದಿಲ್ಲ.”

“ಒಂದು ನರಿ ಸಿಕ್ಕಿದೆಯಲ್ಲ?” ಎಂದು ಬೇಟೆಗಾರನೊಬ್ಬನ ಈಟಿಯ ಮೇಲೆ ಜೋತುಬಿದ್ದದ್ದನ್ನು ತೋರಿಸಿದೆ.

ಅವರು ನಕ್ಕರು. “ನರಿ ಸಿಕ್ಕಿದ್ದರೆ ಇವನಿಗೆ ಮದುವೆ ಮಾಡಬೇಕಿತ್ತು.”

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಕೊಡವರ ಭಾಷೆ ಕೊಡವ ತಕ್ಕಿನಲ್ಲಿ ನರಿ ಎಂದರೆ ಹುಲಿ. ಹುಲಿ ಹೊಡೆದವನಿಗೆ ಹಿಂದೆ ನರಿಮಂಗಲ ಮಾಡುತ್ತಿದ್ದರು. ಸತ್ತ ಹುಲಿಯನ್ನು ಕಟ್ಟಿ ತೂಗುಹಾಕಿ, ಪಕ್ಕದಲ್ಲಿ ಅವನನ್ನು ಮದುಮಗನ ಹಾಗೆ ಕೂರಿಸಿ, ಬಂದವರೆಲ್ಲ ಅಕ್ಕಿ ಹಾಕಿ ಹರಸುತ್ತಿದ್ದರು. ಆಮೇಲೆ ಅವನು ಗಲ್ಲೆಮೀಸೆ, ಅಂದರೆ ಕೆನ್ನೆಯವರೆಗೆ ಬೆಳೆಸಿದ ಮೀಸೆ, ಬಿಡಬಹುದಿತ್ತು. ಅಂಥ ದಿನದ್ದಾದರೆ ಯಾರಾದರೂ ಚಿತ್ರ ಬರೆಸುತ್ತಾರೆ, ಫೋಟೋ ತೆಗೆಸುತ್ತಾರೆ. ಬರಿಗೈಯಲ್ಲಿ ಬಂದ ದಿನದ್ದನ್ನು ಯಾರು ಬರೆಸುತ್ತಾರೆ ಎಂಬುದು ಅವರ ಪ್ರಶ್ನೆ.

ಬ್ರೂಗೆಲ್ ಬರೆದಿದ್ದಾನೆ, ಅದೂ ಕೊಂಚ ತುಂಟತನದಿಂದ. ಎಡಗಡೆಯ ಛತ್ರದ ಫಲಕ ಒಂದು ಕೊಂಡಿ ಕಳಚಿ ವಾಲಿಕೊಂಡಿದೆ. ಅದರಲ್ಲಿರುವುದು ಒಂದು ಸಾರಂಗ, ಅದರ ಮುಂದೆ ಮಂಡಿಯೂರಿದ ಸಂತ. ಬೇಟೆಗೆ ಹೋದವನಿಗೆ ಸಾರಂಗದ ಕೊಂಬುಗಳ ನಡುವೆ ಶಿಲುಬೆ ಕಂಡಿತು ಎಂಬ ಕಥೆ ಸಂತ ಹ್ಯೂಬರ್ಟ್‌ನಿಗೂ ಉಂಟು, ಸಂತ ಯೂಸ್ಟೇಸ್‌ನಿಗೂ ಉಂಟು. ಇಬ್ಬರೂ ಬೇಟೆಗಾರರನ್ನು ಕಾಯುವವರು. ಕಾಯುವವನೇ ತಲೆಯ ಮೇಲೆ ಓಲಾಡುತ್ತಿದ್ದಾನೆ, ಕೆಳಗೆ ಹೋಗುವವರು ತಲೆ ಎತ್ತಿ ನೋಡುವುದೂ ಇಲ್ಲ. ಮೂವರು ಬೇಟೆಗಾರರ ಮುಖವನ್ನೂ ಬ್ರೂಗೆಲ್ ನಮಗೆ ತೋರಿಸಿಲ್ಲ, ಬೆನ್ನಷ್ಟೇ.

ಇದನ್ನೆಲ್ಲ ನಾನು ಹೇಳುತ್ತಿರುವಾಗ ಯಜಮಾನರು ಛತ್ರದ ಮುಂದಿನ ಬೆಂಕಿಯ ಮೇಲೆ ಬೆರಳಿಟ್ಟಿದ್ದರು. “ಇಲ್ಲಿ ಹಂದಿ ಸುಡಲು ಹೊರಟಿದ್ದಾರೆ.” ಚಿತ್ರದಲ್ಲಿ ಹಂದಿಯೇ ಇಲ್ಲ! ಆದರೆ ಪಂಡಿತರು ಹೇಳುವುದೂ ಅದನ್ನೇ: ಕೂದಲು ಸುಡಲು ಹುಲ್ಲು ಉರಿಸುತ್ತಿದ್ದಾರೆ. ನಾನು ಪುಸ್ತಕದಲ್ಲಿ ಓದಿ ತಿಳಿದದ್ದು ಇವರಿಗೆ ಹೊಗೆ ನೋಡಿಯೇ ತಿಳಿಯಿತು. ಆಮೇಲೆ ಬೇಟೆಗಾರರ ಮುಂದೆ ಹಿಮದಲ್ಲಿ ಮೂಡಿದ ಸಣ್ಣ ಹೆಜ್ಜೆಗಳನ್ನು ತೋರಿಸಿ, “ಮೊಲ, ತಪ್ಪಿಸಿಕೊಂಡಿದೆ” ಎಂದರು. ಆರು ವರ್ಷದಿಂದ ಗೋಡೆಯ ಮೇಲಿರುವ ಚಿತ್ರ. ನಾನು ಆ ಗುರುತುಗಳನ್ನು ಬಣ್ಣದ ಕಲೆ ಎಂದುಕೊಂಡಿದ್ದೆ.

ಸುಮ್ಮನೆ ಸೋಲುವುದು ಬೇಡವೆಂದು ಆತಕೂರಿನ ಕಲ್ಲಿನ ಕಥೆ ತೆಗೆದೆ. ಮಂಡ್ಯ ಜಿಲ್ಲೆಯದು, ಕ್ರಿ.ಶ. 950ರ ಆಸುಪಾಸಿನದು, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಯುದ್ಧದಲ್ಲಿ ಚೆನ್ನಾಗಿ ಕಾದಿದ ಮಣಲೆರ ಎಂಬ ವೀರನಿಗೆ ಒಡೆಯ, ಮೆಚ್ಚಿದೆ, ಬೇಡು ಎಂದ. ಅವನು ಬೇಡಿದ್ದು ಊರನ್ನಲ್ಲ, ಕಾಳಿ ಎಂಬ ಬೇಟೆನಾಯಿಯನ್ನು. ಆಮೇಲೊಂದು ದಿನ ಕಾಳಿ ದೊಡ್ಡ ಕಾಡುಹಂದಿಯ ಮೇಲೆ ಬಿದ್ದಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು. ಅದರ ಮೇಲೆ ನಾಯಿ, ಹಂದಿ ಇಂದಿಗೂ ಕಾದುತ್ತಿವೆ.

ಅವರು ಬಹಳ ಹೊತ್ತು ಮಾತಾಡಲಿಲ್ಲ. “ಸಾವಿರ ವರ್ಷ ಆದರೂ ಹೆಸರು ಉಳಿದಿದೆ,” ಎಂದರು. ಮತ್ತೆ ಬ್ರೂಗೆಲ್‌ನತ್ತ ತಿರುಗಿ, “ಈ ನಾಯಿಗಳದ್ದು?”

ನಾಯಿಗಳದ್ದಿರಲಿ, ಬೇಟೆಗಾರರ ಹೆಸರೂ ಇಲ್ಲ ಎಂದೆ. ಅವರಿಗದು ಹಿಡಿಸಲಿಲ್ಲ. “ಊಟ ಆರುತ್ತದೆ” ಎಂದು ಎದ್ದು ಹೋದರು.

ಸಂಜೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಶುರುವಾಯಿತು. ಮೊದಲ ಸದ್ದಿಗೇ ಅವರ ನಾಯಿ ಓಡಿಬಂದು ನನ್ನ ಮಂಚದ ಕೆಳಗೆ ಸೇರಿಕೊಂಡಿತು. ಈಗ ರಾತ್ರಿ ಒಂಬತ್ತೂವರೆ. ಇನ್ನೂ ಹೊರಗೆ ಬಂದಿಲ್ಲ.