ಮನೋರೋಗದ ಔಷಧಿಗೆ ವಿಮೆ: ಉಳಿತಾಯ ಒಂದು ಕಡೆ, ಖರ್ಚು ಇನ್ನೊಂದು ಕಡೆ

ವಿಮಾ ಕಂಪನಿಯೊಂದರಲ್ಲಿ ಔಷಧಿಗಳ ಪೂರ್ವಾನುಮತಿ ಅರ್ಜಿಗಳನ್ನು ಪರಿಶೀಲಿಸುವುದು ನನ್ನ ಕೆಲಸ. ವೈದ್ಯರು ಬರೆದ ಔಷಧಿ ದುಬಾರಿಯಾಗಿದ್ದರೆ, ಅಗ್ಗದ್ದನ್ನು ಮೊದಲು ಕೊಟ್ಟು ನೋಡಲಾಗಿದೆಯೇ ಎಂದು ಕೇಳುವುದು, ದಾಖಲೆ ಬರುವವರೆಗೆ ಮಂಜೂರಾತಿಯನ್ನು ತಡೆಹಿಡಿಯುವುದು ಇಲ್ಲಿನ ಕ್ರಮ. ಅನೇಕ ಔಷಧಿಗಳ ವಿಷಯದಲ್ಲಿ ಇದರಿಂದ ಅನಗತ್ಯ ಖರ್ಚು ತಪ್ಪುತ್ತದೆ. ಮನೋರೋಗದ ಔಷಧಿಗಳಿಗೆ ಅದೇ ಅಳತೆ ಸಲ್ಲದು ಎಂಬುದನ್ನು ನಾನು ಕಡತಗಳಿಂದಲೇ ಕಲಿತೆ.

ಬೇರೆ ಔಷಧಿಗಳಿಗೆ ಬಗ್ಗದ ಸ್ಕಿಜೋಫ್ರೇನಿಯಾಕ್ಕೆ (ಭ್ರಮೆ, ಭ್ರಾಂತಿಗಳು ಕಾಡುವ ತೀವ್ರ ಮನೋರೋಗ) ಕೊಡುವ ಕ್ಲೋಜಪಿನ್ ಅನ್ನೇ ನೋಡಿ. ಈ ಮಾತ್ರೆ ಎರಡು ದಿನಕ್ಕಿಂತ ಹೆಚ್ಚು ತಪ್ಪಿದರೆ ಹಳೆಯ ಪ್ರಮಾಣದಲ್ಲೇ ಮುಂದುವರಿಸುವಂತಿಲ್ಲ. ರಕ್ತದೊತ್ತಡ ಕುಸಿಯುವ, ಫಿಟ್ಸ್ ಬರುವ ಅಪಾಯವಿರುವುದರಿಂದ 12.5 ಮಿಲಿಗ್ರಾಂನಿಂದ ಮತ್ತೆ ಆರಂಭಿಸಿ ಹಂತಹಂತವಾಗಿ ಏರಿಸಬೇಕು. ಶುಕ್ರವಾರ ಸಂಜೆ ಬಂದ ಅರ್ಜಿಯನ್ನು ಸೋಮವಾರ ತೆರೆಯುವುದು ಕಚೇರಿಗೆ ಸಹಜವಾದರೂ, ಮನೆಯಲ್ಲಿ ಮಾತ್ರೆ ಮುಗಿದಿರುವ ರೋಗಿಗೆ ಆ ವಾರಾಂತ್ಯವೇ ಸಾಕು. ಆ ನಡುವೆ ಕಾಯಿಲೆ ಮರುಕಳಿಸಿದರೆ ಅವರು ಹೋಗುವುದು ತುರ್ತು ಚಿಕಿತ್ಸಾ ಘಟಕಕ್ಕೆ, ಹಲವೊಮ್ಮೆ ಸರ್ಕಾರಿ ಆಸ್ಪತ್ರೆಗೆ, ಕೆಲವೊಮ್ಮೆ ಪೊಲೀಸರ ಜೊತೆಯಲ್ಲಿ. ಆ ಖರ್ಚಿನ ಬಹುಭಾಗ ನಮ್ಮ ಲೆಕ್ಕಪುಸ್ತಕಕ್ಕೆ ಬರುವುದೇ ಇಲ್ಲ.

ಹೀಗೆ ವರ್ಗಾವಣೆಯಾಗುವ ಖರ್ಚನ್ನು ಅಳೆದು ತೋರಿಸಿದ ಅಧ್ಯಯನವೊಂದಿದೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯವು 1980ರ ದಶಕದ ಆರಂಭದಲ್ಲಿ, ಬಡವರಿಗಾಗಿ ಇರುವ ಮೆಡಿಕೇಡ್ ಯೋಜನೆಯಡಿ ತಿಂಗಳಿಗೆ ಮೂರೇ ಔಷಧಿಗಳ ಮಿತಿ ಹಾಕಿ, 11 ತಿಂಗಳ ನಂತರ ಅದನ್ನು ಕೈಬಿಟ್ಟಿತು. 1994ರಲ್ಲಿ ಪ್ರಕಟವಾದ ಸೌಮೆರಾಯ್ ಮತ್ತು ಸಂಗಡಿಗರ ಅಧ್ಯಯನದ ಪ್ರಕಾರ, ಆ ಅವಧಿಯಲ್ಲಿ ಸ್ಕಿಜೋಫ್ರೇನಿಯಾ ರೋಗಿಗಳ ಔಷಧಿ ಬಳಕೆ ತಗ್ಗಿತು, ಸಮುದಾಯ ಮಾನಸಿಕ ಆರೋಗ್ಯ ಕೇಂದ್ರಗಳ ಭೇಟಿ ಮತ್ತು ತುರ್ತು ಸೇವೆಗಳ ಬಳಕೆ ಏರಿತು. ಹೆಚ್ಚಿದ ಚಿಕಿತ್ಸಾ ವೆಚ್ಚ ಔಷಧಿಯಲ್ಲಿ ಉಳಿದ ಹಣದ 17 ಪಟ್ಟಾಗಿತ್ತು. ಆಸ್ಪತ್ರೆ ದಾಖಲಾತಿಯಲ್ಲಿ ಮಾತ್ರ ಗಮನಾರ್ಹ ಬದಲಾವಣೆ ಕಾಣಲಿಲ್ಲ ಎಂಬುದನ್ನೂ ಹೇಳಬೇಕು, ಏಕೆಂದರೆ ದಾಖಲಾತಿಯನ್ನಷ್ಟೇ ಎಣಿಸುವವರಿಗೆ ಈ ಹಾನಿ ಕಣ್ಣಿಗೇ ಬೀಳುವುದಿಲ್ಲ.

ಹಾಗೆಂದು ಎಲ್ಲ ಔಷಧಿಗಳನ್ನೂ ಕಡ್ಡಾಯವಾಗಿ ಭರಿಸಬೇಕೆಂಬ ನಿಯಮಕ್ಕೂ ಬೆಲೆ ತೆರಬೇಕಾಗುತ್ತದೆ. ಅಮೆರಿಕದಲ್ಲಿ ಮುಖ್ಯವಾಗಿ ಹಿರಿಯರಿಗಾಗಿ ಇರುವ ಮೆಡಿಕೇರ್ ಔಷಧಿ ಯೋಜನೆಯ ಆರು ಸಂರಕ್ಷಿತ ವರ್ಗಗಳಲ್ಲಿ, ಅಂದರೆ ಬಹುತೇಕ ಎಲ್ಲ ಔಷಧಿಗಳನ್ನೂ ಭರಿಸಲೇಬೇಕಾದ ವರ್ಗಗಳಲ್ಲಿ, ಖಿನ್ನತೆಯ ಮತ್ತು ಮನೋವಿಕಲತೆಯ ಔಷಧಿಗಳು ಸೇರಿವೆ. ಯಾವುದನ್ನೂ ಪಟ್ಟಿಯಿಂದ ಕೈಬಿಡಲಾರದ ವಿಮಾ ಕಂಪನಿ ತಯಾರಕರೊಂದಿಗೆ ಚೌಕಾಸಿ ಮಾಡುವ ಬಲ ಕಳೆದುಕೊಳ್ಳುತ್ತದೆ, ಆ ಹೊರೆ ವಿಮಾ ಕಂತಿನ ಮೂಲಕವೋ ತೆರಿಗೆಯ ಮೂಲಕವೋ ಜನರ ಮೇಲೆಯೇ ಬೀಳುತ್ತದೆ. ನನ್ನ ಅಭಿಪ್ರಾಯದಲ್ಲಿ, ಹೊಸದಾಗಿ ಆರಂಭವಾಗುವ ಚಿಕಿತ್ಸೆಯಲ್ಲಿ ಅಗ್ಗದ ಜೆನೆರಿಕ್ ಔಷಧಿಯನ್ನು ಮೊದಲು ಕೇಳುವುದು ನ್ಯಾಯವೇ. ಒಂದು ಔಷಧಿಯಲ್ಲಿ ಸ್ಥಿರವಾಗಿರುವ ರೋಗಿಯನ್ನು ಅಲುಗಾಡಿಸುವುದು ಸರ್ವಥಾ ಸಲ್ಲದು.

ಈಗ ನಮ್ಮ ವಿಭಾಗದಲ್ಲಿ ಇಂತಹ ಔಷಧಿಗಳ ಮುಂದುವರಿಕೆ ಅರ್ಜಿಗಳಿಗೆ ಮೊದಲು ತಾತ್ಕಾಲಿಕ ಮಂಜೂರಾತಿ ಕೊಟ್ಟು, ದಾಖಲೆಗಳನ್ನು ನಂತರ ತರಿಸಿಕೊಳ್ಳುತ್ತೇವೆ. ನಿಯಂತ್ರಕರಿಗೆ ಸಲ್ಲಿಸುವ ವರದಿಯಲ್ಲಿ ಮಾತ್ರ ಔಷಧಿಯಲ್ಲಾದ ಉಳಿತಾಯಕ್ಕಷ್ಟೇ ಕಾಲಂ ಇದೆ. ಅದೇ ರೋಗಿಗಳ ತುರ್ತು ಭೇಟಿಗಳಿಗೂ ಒಂದು ಕಾಲಂ ಸೇರಿಸಬೇಕೆಂದು ಲಿಖಿತವಾಗಿ ಕೇಳಿದ್ದೇನೆ.