ನೇತ್ರಾಣಿಯ ದಾರಿಯಲ್ಲಿ ಉಸಿರು ಕಟ್ಟಿದ ಟ್ಯಾಂಕ್

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸಮುದ್ರದ ಮೇಲೆ ಸುಮಾರು 19 ಕಿಲೋಮೀಟರ್. ಡಿಸೆಂಬರಿನ ಬೆಳಗು, ಕಡಲು ಶಾಂತವಾಗಿತ್ತು. 123 ಅಡಿ ಎತ್ತರದ ಶಿವ ಹಿಂದೆ ಸರಿಯುತ್ತಾ ಹೆಬ್ಬೆರಳಷ್ಟಾಗಿದ್ದ. ಆಗಲೇ ಎಂಜಿನ್ ಸದ್ದು ಕುಗ್ಗಿತು, ಎರಡು ಬಾರಿ ಮುಗ್ಗರಿಸಿ ನಿಂತೇಬಿಟ್ಟಿತು.

ದೋಣಿ ಅಲೆಗೆ ಅಡ್ಡಲಾಗಿ ತಿರುಗಿ ತೂಗತೊಡಗಿತು. ಡೀಸೆಲ್ ವಾಸನೆಗೆ ನನ್ನ ಹೊಟ್ಟೆ ತೊಳಸಿತು. ದೋಣಿ ನಡೆಸುವ ತಾಂಡೇಲರು ಮಾತ್ರ ಗಡಿಬಿಡಿ ಮಾಡಲಿಲ್ಲ. ಫಿಲ್ಟರಿನ ಅಡಿಯ ತಿರುಪು ಸಡಿಲಿಸಿ, ಗಾಜಿನ ಸೀಸೆಗೆ ಒಂದಿಷ್ಟು ಡೀಸೆಲ್ ಇಳಿಸಿಕೊಂಡು ಬಿಸಿಲಿಗೆ ಹಿಡಿದರು. ನೀರು ಡೀಸೆಲಿಗಿಂತ ಭಾರ. ಸೇರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ನೀರೂ ಇರಲಿಲ್ಲ, ಕಸವೂ ಇರಲಿಲ್ಲ. ಪೈಪಿನಲ್ಲಿ ಏರ್ ಹಿಡಿದಿರಬಹುದೆಂದು ಕೈಪಂಪ್ ಒತ್ತಿ ಒತ್ತಿ, ಗುಳ್ಳೆ ನಿಂತು ಬರಿಯ ಡೀಸೆಲ್ ಬರುವ ತನಕ ಹೊರಗೆ ಬಿಟ್ಟರು. ಎಂಜಿನ್ ಹತ್ತಿತು. ಇಪ್ಪತ್ತು ನಿಮಿಷ ಓಡಿ ಮತ್ತೆ ನಿಂತಿತು.

ತಾಂಡೇಲರು ಕಣ್ಣು ಮುಚ್ಚಿ ಕುಳಿತರು. "ನಿಧಾನಕ್ಕೆ ಬಿಟ್ಟರೆ ಓಡುತ್ತದೆ, ವೇಗ ಕೊಟ್ಟರೆ ಸೊರಗುತ್ತದೆ. ಟ್ಯಾಂಕಿನ ಉಸಿರು ಕಟ್ಟಿದೆ" ಎಂದು ಎದ್ದು ಮುಚ್ಚಳ ತಿರುಗಿಸಿದರು. ಸುಂಯ್ ಎಂದು ಗಾಳಿ ಒಳಕ್ಕೆ ನುಗ್ಗಿತು!

"ತಮ್ಮಾ, ಎಣ್ಣೆ ಡಬ್ಬಕ್ಕೆ ನಿನ್ನ ಅಮ್ಮ ಎರಡು ತೂತು ಯಾಕೆ ಮಾಡುತ್ತಾಳೆ?" ಎಂದು ಜೊತೆಯ ಹುಡುಗನನ್ನು ಕೇಳಿದರು. ಅವನಿಗೂ ನನಗೂ ಒಟ್ಟಿಗೇ ಅರ್ಥವಾಯಿತು. ಡೀಸೆಲ್ ಹೋದಷ್ಟೂ ಜಾಗಕ್ಕೆ ಗಾಳಿ ಬರಬೇಕು; ಬಾರದಿದ್ದರೆ ಪಂಪ್ ಎಷ್ಟು ಎಳೆದರೂ ಟ್ಯಾಂಕ್ ಬಿಟ್ಟುಕೊಡುವುದಿಲ್ಲ. ಮುಚ್ಚಳ ತೆರೆದಿಟ್ಟೇ ಹೋಗೋಣವೇ ಎಂದೆ. "ಒಂದು ಅಲೆ ಹಾರಿ ಉಪ್ಪುನೀರು ಒಳಗೆ ಬಿದ್ದರೆ ಎಂಜಿನ್ ಕೆಲಸ ಮುಗಿಯಿತು" ಎಂದರು.

ಗಾಳಿ ಕೊಳವೆಯ ಬಾಯಿ ಊರುಗೋಲಿನ ಹಿಡಿಯಂತೆ ಕೆಳಕ್ಕೆ ಬಾಗಿತ್ತು. ಅಲ್ಲೇ ತಂತಿ ತುರುಕಿದರೆ ಕಸ ಟ್ಯಾಂಕಿಗೇ ಬೀಳುತ್ತದೆಂದು ಕೊಳವೆಯನ್ನೇ ಬಿಚ್ಚಿ, ಹೊರಮುಖವಾಗಿ ತಟ್ಟಿದರು. ಅಂಗೈಗೆ ಒಣಮಣ್ಣಿನ ಗಟ್ಟಿ ಬಿತ್ತು. ಒಡೆದರೆ ಒಳಗೆ ಕಾಲು ಮಡಚಿಕೊಂಡ ಸಣ್ಣ ಸಣ್ಣ ಜೇಡಗಳು. ಮಣ್ಣಿನ ಗೂಡು ಕಟ್ಟುವ ಕಣಜದ ಹುಳ ತನ್ನ ಮರಿಗಾಗಿ ಕೂಡಿಟ್ಟ ಬುತ್ತಿ ಅದು. ಬಣ್ಣ ಹೊಡೆಯಲು ದೋಣಿಯನ್ನು ಎರಡು ವಾರ ದಡಕ್ಕೆ ಎಳೆದಿದ್ದರಂತೆ. ಕೊಳವೆಯ ಬಾಯಿಗಿದ್ದ ಜಾಲರಿ ಉಪ್ಪುಗಾಳಿಗೆ ತಿಂದುಹೋಗಿತ್ತು. ಹುಡುಗ ಚಹಾ ಸೋಸುವ ಜಾಲರಿಯನ್ನೇ ಕತ್ತರಿಸಿ ತಂತಿಯಿಂದ ಬಿಗಿದ.

ಮತ್ತೆ ಎಂಜಿನ್ ನಿಲ್ಲಲಿಲ್ಲ. ನೇತ್ರಾಣಿಯ ಬಂಡೆಯ ಮೇಲೆ ಬಿಳಿಹೊಟ್ಟೆಯ ಕಡಲ ಹದ್ದು ಸುತ್ತುತ್ತಿತ್ತು. ಕೆಳಗೆ ನೀರು ಎಷ್ಟು ತಿಳಿಯಾಗಿತ್ತೆಂದರೆ ಮೀನುಗಳ ನೆರಳೂ ಕಾಣುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ. ತಾಂಡೇಲರು ಎಂಜಿನ್ ಆರಿಸಿ, ಟ್ಯಾಂಕಿಗೆ ಕಿವಿಯಿಟ್ಟು ಮುಚ್ಚಳವನ್ನು ಮೆಲ್ಲಗೆ ಸಡಿಲಿಸಿದರು. ಸದ್ದಿಲ್ಲ. ಮುಚ್ಚಳ ಬಿಗಿದು, ದ್ವೀಪದ ದೇವರು ಜಟ್ಟಿಗನ ಕಡೆಗೆ ತಿರುಗಿ ಕೈಮುಗಿದರು.